ಕಯಾಕ್ ದೋಣಿಯಿಂದ ಬಾಸ್ ಮೀನುಗಾರಿಕೆ: ಸಲಕರಣೆಗಳು, ವಿಧಾನಗಳು ಮತ್ತು ಸಣ್ಣ ತಯಾರಕರು ತಿಳಿಯಬೇಕಾದ ಸಂಗತಿಗಳು

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಗಾಳ ಹಾಕಿ ಮೀನು ಹಿಡಿಯುವುದು ಜೀವನೋಪಾಯಕ್ಕಿಂತ ಮಿಗಿಲಾಗಿ ಒಂದು ಕ್ರೀಡೆ. ಅಲ್ಲಿನ ಕೇಂದ್ರ ಸರ್ಕಾರ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 2022ರಲ್ಲಿ 16 ವರ್ಷ ಮೇಲ್ಪಟ್ಟ ಸುಮಾರು 3.99 ಕೋಟಿ ಜನರು ಗಾಳ ಹಿಡಿದು ನೀರಿಗಿಳಿದರು. ಇದಕ್ಕಾಗಿ ಅವರು ವೆಚ್ಚ ಮಾಡಿದ ಹಣ ಸುಮಾರು 9,940 ಕೋಟಿ ಡಾಲರ್. ಈ ಕ್ರೀಡೆಯ ಕಳೆದ ಎರಡು ದಶಕಗಳ ಬೆಳವಣಿಗೆಗಳಲ್ಲಿ ಗಮನಾರ್ಹವಾದುದು ಕಯಾಕ್ ಎಂಬ ಒಂಟಿ ಸವಾರಿಯ ಕಿರುದೋಣಿಯಿಂದ ಬಾಸ್ ಮೀನು ಹಿಡಿಯುವ ಪದ್ಧತಿ. ಈ ದೋಣಿಯ ಸುತ್ತ ಹುಟ್ಟಿಕೊಂಡಿರುವ ನೂರಾರು ಬಿಡಿಭಾಗಗಳಲ್ಲಿ ಹಲವನ್ನು ದೊಡ್ಡ ಕಾರ್ಖಾನೆಗಳಲ್ಲ, ಸಣ್ಣ ತಯಾರಕರೇ ರೂಪಿಸಿದ್ದಾರೆ. ಪ್ಲಾಸ್ಟಿಕ್ ಅಚ್ಚು, ಅಲ್ಯೂಮಿನಿಯಂ ಯಂತ್ರಗಾರಿಕೆ, ಹೊಲಿಗೆ ಹಾಗೂ ಬ್ಯಾಟರಿ ಜೋಡಣೆಯಲ್ಲಿ ತೊಡಗಿರುವ ಉದ್ಯಮಿಗಳಿಗೆ ಈ ಮಾರುಕಟ್ಟೆ ಅರ್ಥವಾಗಬೇಕಾದರೆ, ಪ್ರತಿಯೊಂದು ವಸ್ತುವೂ ನೀರಿನ ಮೇಲೆ ಯಾವ ಕೆಲಸಕ್ಕೆ ಬರುತ್ತದೆ ಎಂಬುದು ಮೊದಲು ತಿಳಿದಿರಬೇಕು.

ಮೀನು ಮತ್ತು ಕ್ರೀಡೆಯ ಹಿನ್ನೆಲೆ

ಇಲ್ಲಿ ಬಾಸ್ ಎಂದರೆ ಮುಖ್ಯವಾಗಿ ಉತ್ತರ ಅಮೆರಿಕಾದ ಸಿಹಿನೀರಿನ ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡ ಬಾಯಿಯ ಬಾಸ್. ಭಾರತದ ಕರಾವಳಿಯಲ್ಲಿ ದೊರೆಯುವ ಸೀ ಬಾಸ್ ಮೀನಿಗೂ ಇದಕ್ಕೂ ಹೆಸರಿನ ಸಾಮ್ಯವಷ್ಟೇ. ಈ ಮೀನು ಜೊಂಡು, ಮುಳುಗಿದ ಮರ, ಕಲ್ಲುರಾಶಿ, ತೇಲುಗಟ್ಟೆಗಳ ನೆರಳಿನಲ್ಲಿ ಅಡಗಿದ್ದು, ಹತ್ತಿರ ಸುಳಿದ ಆಹಾರದ ಮೇಲೆ ಥಟ್ಟನೆ ಎರಗುತ್ತದೆ. 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ ಎಂಬುವವರು ಹಿಡಿದ 22 ಪೌಂಡ್ 4 ಔನ್ಸ್ ತೂಕದ, ಅಂದರೆ ಸುಮಾರು 10 ಕಿಲೋ ತೂಗುವ ಮೀನು ವಿಶ್ವದಾಖಲೆಯಾಯಿತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅವರು ಈ ದಾಖಲೆಯನ್ನು ಸರಿಗಟ್ಟಿದರು. ಆದರೆ ಸಾಮಾನ್ಯವಾಗಿ ಗಾಳಕ್ಕೆ ಸಿಗುವ ಮೀನು ಒಂದೆರಡು ಕಿಲೋ ಮೀರುವುದಿಲ್ಲ.

ಬಾಸ್ ಮೀನುಗಾರಿಕೆಯನ್ನು ಸಂಘಟಿತ ಸ್ಪರ್ಧೆಯಾಗಿಸಿದ ಕೀರ್ತಿ ರೇ ಸ್ಕಾಟ್ ಅವರದು. ವಿಮಾ ಪ್ರತಿನಿಧಿಯಾಗಿದ್ದ ಅವರು 1967ರಲ್ಲಿ ಅರ್ಕನ್ಸಾ ರಾಜ್ಯದ ಬೀವರ್ ಸರೋವರದಲ್ಲಿ ಮೊದಲ ಸ್ಪರ್ಧೆ ನಡೆಸಿ, ಮರುವರ್ಷ ಬಾಸ್ ಮೀನುಗಾರರ ಸಂಸ್ಥೆಯನ್ನು ಸ್ಥಾಪಿಸಿದರು. 1972ರಲ್ಲಿ ಅವರು ಜಾರಿಗೆ ತಂದ, ಹಿಡಿದ ಮೀನನ್ನು ಜೀವಂತವಾಗಿ ನೀರಿಗೆ ಮರಳಿ ಬಿಡುವ ಪದ್ಧತಿ ಇಂದು ಈ ಕ್ರೀಡೆಯ ಧರ್ಮವೇ ಆಗಿದೆ. ಸಲಕರಣೆಗಳ ವಿನ್ಯಾಸದ ಮೇಲೂ ಇದರ ಪ್ರಭಾವ ದೊಡ್ಡದು. ಮೀನಿಗೆ ಗಾಯವಾಗದಂತೆ ರಬ್ಬರ್ ಲೇಪಿಸಿದ ಬಲೆ, ಬೇಗ ಬಿಡಿಸಬಹುದಾದ ಕೊಕ್ಕೆ, ಒದ್ದೆ ಮಾಡಿ ಬಳಸುವ ಅಳತೆಪಟ್ಟಿ ಇವೆಲ್ಲಕ್ಕೂ ಬೇಡಿಕೆ ಬಂದುದು ಹೀಗೆ.

ಮೋಟಾರು ದೋಣಿಯ ಬದಲು ಕಯಾಕ್ ಏಕೆ?

ಸುಸಜ್ಜಿತ ಬಾಸ್ ಮೋಟಾರು ದೋಣಿಯ ಬೆಲೆ ಹತ್ತಾರು ಸಾವಿರ ಡಾಲರ್. ಅದನ್ನು ಸಾಗಿಸಲು ಗಾಲಿಬಂಡಿ, ಎಳೆಯಲು ಬಲವಾದ ವಾಹನ, ಇಳಿಸಲು ಇಳಿಜಾರು ಕಟ್ಟೆ ಬೇಕು. ಕಯಾಕ್ ಅನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋಗಿ ಯಾವುದೇ ದಡದಿಂದ ಇಳಿಸಬಹುದು. ಒಂದೇ ಅಡಿ ಆಳದ ನೀರಿನಲ್ಲಿಯೂ ಅದು ಸದ್ದಿಲ್ಲದೆ ಸಾಗುತ್ತದೆ. ಮೋಟಾರು ದೋಣಿ ತಲುಪಲಾಗದ ಜೊಂಡಿನ ಒಳಗೆ ಬಾಸ್ ಹೆಚ್ಚು ನಿಶ್ಚಿಂತೆಯಿಂದ ಇರುವುದರಿಂದ, ಈ ಅನುಕೂಲ ಸಣ್ಣದಲ್ಲ.

ಕಯಾಕ್ ಮೂಲತಃ ಆರ್ಕ್ಟಿಕ್ ಪ್ರದೇಶದ ಇನುಯಿಟ್ ಮತ್ತು ಅಲ್ಯೂಟ್ ಜನರು ಸೀಲ್ ಪ್ರಾಣಿಯ ಚರ್ಮವನ್ನು ಮರ ಅಥವಾ ಮೂಳೆಯ ಚೌಕಟ್ಟಿನ ಮೇಲೆ ಬಿಗಿದು ಕಟ್ಟುತ್ತಿದ್ದ ಬೇಟೆಯ ದೋಣಿ. ಇಂದಿನ ಮೀನುಗಾರಿಕೆ ಕಯಾಕ್ ಬಹುಪಾಲು ಮೇಲೆ ಕುಳಿತುಕೊಳ್ಳುವ ಮಾದರಿಯದು. ಸವಾರ ದೋಣಿಯ ಹೊಟ್ಟೆಯೊಳಗೆ ಕಾಲು ತೂರಿಸದೆ, ಮುಚ್ಚಿದ ಪೊಳ್ಳು ಒಡಲಿನ ಮೇಲೆ ಕೂರುತ್ತಾನೆ. ಒಳಗೆ ಬಿದ್ದ ನೀರು ತಳದ ರಂಧ್ರಗಳಿಂದ ತಾನಾಗಿಯೇ ಹರಿದುಹೋಗುತ್ತದೆ. ಮಗುಚಿದರೂ ಒಡಲು ತೇಲುತ್ತಲೇ ಇರುತ್ತದೆ. ಸವಾರ ಮತ್ತೆ ಹತ್ತಬಹುದು.

ಇಂತಹ ದೋಣಿಗಳ ಉದ್ದ ಸಾಮಾನ್ಯವಾಗಿ 10ರಿಂದ 13 ಅಡಿ, ಅಗಲ 32ರಿಂದ 36 ಅಂಗುಲ. ಉದ್ದ ಹೆಚ್ಚಿದಷ್ಟೂ ವೇಗ ಮತ್ತು ನೇರ ಚಲನೆ. ಅಗಲ ಹೆಚ್ಚಿದಷ್ಟೂ ಸ್ಥಿರತೆ. ನಿಂತು ಗಾಳ ಬೀಸಬಯಸುವವರು ಅಗಲವನ್ನೂ, ದೂರ ಹೋಗಬಯಸುವವರು ಉದ್ದವನ್ನೂ ಆಯ್ದುಕೊಳ್ಳುತ್ತಾರೆ. ತಯಾರಕರು ನಮೂದಿಸುವ ಭಾರಮಿತಿಯ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಹೇರಬಾರದು ಎಂಬುದು ಅನುಭವಿಗಳ ಲೆಕ್ಕ. ಉದಾಹರಣೆಗೆ, 200 ಕಿಲೋ ಮಿತಿಯ ದೋಣಿಯಲ್ಲಿ 90 ಕಿಲೋ ತೂಕದ ಸವಾರ ಕುಳಿತರೆ ಸಲಕರಣೆಗಳಿಗೆ ಉಳಿಯುವುದು ಸುಮಾರು 40 ಕಿಲೋ ಮಾತ್ರ. ಆದುದರಿಂದಲೇ ಕಯಾಕ್‌ಗೆಂದು ತಯಾರಾಗುವ ಪ್ರತಿಯೊಂದು ವಸ್ತುವಿನ ತೂಕವನ್ನೂ ಗ್ರಾಹಕ ವಿಚಾರಿಸುತ್ತಾನೆ.

ಬಹುತೇಕ ಕಯಾಕ್‌ಗಳು ತಿರುಗುವ ಅಚ್ಚಿನ ವಿಧಾನದಿಂದ ತಯಾರಾಗುತ್ತವೆ. ಪಾಲಿಎಥಿಲೀನ್ ಪುಡಿಯನ್ನು ಲೋಹದ ಅಚ್ಚಿಗೆ ಸುರಿದು, ಕುಲುಮೆಯಲ್ಲಿ ಎರಡು ಅಕ್ಷಗಳ ಮೇಲೆ ತಿರುಗಿಸುತ್ತಾ ಕಾಯಿಸಿದಾಗ ಕರಗಿದ ಪ್ಲಾಸ್ಟಿಕ್ ಒಳಗೋಡೆಗೆ ಅಂಟಿಕೊಂಡು ಪೊಳ್ಳು ಒಡಲಾಗುತ್ತದೆ. ಮನೆಗಳ ಮೇಲಿನ ಪ್ಲಾಸ್ಟಿಕ್ ನೀರಿನ ಟ್ಯಾಂಕ್ ತಯಾರಾಗುವುದೂ ಇದೇ ವಿಧಾನದಿಂದ. ಅಚ್ಚಿನ ವೆಚ್ಚ ಇಂಜೆಕ್ಷನ್ ವಿಧಾನಕ್ಕಿಂತ ಕಡಿಮೆಯಿರುವುದರಿಂದ ಸಾಧಾರಣ ಪ್ರಮಾಣದ ಉತ್ಪಾದನೆಗೂ ಇದು ಹೊಂದುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಮಿಶ್ರಣ ಸೇರಿಸುವುದು, ಗೋಡೆಯ ದಪ್ಪ ಎಲ್ಲೆಡೆ ಸಮನಾಗಿರುವಂತೆ ನೋಡಿಕೊಳ್ಳುವುದು ಇಲ್ಲಿ ಗುಣಮಟ್ಟದ ಕೀಲಿ.

ಚಲನೆ ಮತ್ತು ನಿಲುಗಡೆ

ಕಯಾಕ್ ನಡೆಸುವ ಮೂಲ ಸಾಧನ ಎರಡು ತುದಿಗೂ ಅಲಗುಳ್ಳ ಹುಟ್ಟು. ಹುಟ್ಟು ಹಾಕುವಾಗ ಎರಡು ಕೈಗಳೂ ತೊಡಗಿರುವುದರಿಂದ ಗಾಳ ಹಿಡಿಯಲಾಗದು. 1997ರಲ್ಲಿ ಹೋಬಿ ಸಂಸ್ಥೆ ಮಾರುಕಟ್ಟೆಗೆ ತಂದ, ಕಾಲಿನಿಂದ ತುಳಿದಾಗ ದೋಣಿಯ ಕೆಳಗೆ ಎರಡು ರೆಕ್ಕೆಗಳು ಬೀಸುವ ವ್ಯವಸ್ಥೆ ಈ ತೊಡಕನ್ನು ನಿವಾರಿಸಿತು. ಮುಂದೆ ತುಳಿತದಿಂದ ತಿರುಗುವ ಪ್ರೊಪೆಲ್ಲರ್ ವ್ಯವಸ್ಥೆಗಳೂ ಬಂದವು. ಕಾಲು ದೋಣಿಯನ್ನು ನಡೆಸಿದರೆ ಕೈ ಗಾಳಕ್ಕೆ ಮೀಸಲು. ಆದರೆ ತುಳಿಯುವ ಯಂತ್ರ ಸೇರಿದಾಗ ದೋಣಿಯ ತೂಕ ಹಾಗೂ ಬೆಲೆ ಎರಡೂ ಏರುತ್ತವೆ. ಕಳೆ ತುಂಬಿದ ನೀರಿನಲ್ಲಿ ಅದನ್ನು ಮೇಲೆತ್ತಿ ಹುಟ್ಟನ್ನೇ ನೆಚ್ಚಬೇಕಾಗುತ್ತದೆ. ಬ್ಯಾಟರಿಯ ಮೋಟಾರು ಅಳವಡಿಸಿದರೆ ಅಮೆರಿಕಾದ ಬಹುತೇಕ ರಾಜ್ಯಗಳಲ್ಲಿ ಕಯಾಕ್ ಅನ್ನು ಮೋಟಾರು ದೋಣಿಯಾಗಿ ನೋಂದಾಯಿಸಬೇಕು.

ಹಗುರವಾದ ದೋಣಿಯನ್ನು ಗಾಳಿ ಸುಲಭವಾಗಿ ತಳ್ಳಿಬಿಡುತ್ತದೆ. ಒಂದೇ ಜಾಗದಲ್ಲಿ ನಿಲ್ಲಲು ಆಳವಿಲ್ಲದ ನೀರಿನಲ್ಲಿ ನೆಲಕ್ಕೆ ಚುಚ್ಚುವ ಗಳು, ಆಳದಲ್ಲಿ ಒಂದೂವರೆ ಕಿಲೋ ಆಸುಪಾಸಿನ ಮಡಚುವ ಲಂಗರು ಬಳಸುತ್ತಾರೆ. ಗಾಳಿಯೊಡನೆ ನಿಧಾನವಾಗಿ ತೇಲುತ್ತಾ ಹೋಗಬೇಕಾದರೆ ನೀರಿನಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ ಬಟ್ಟೆಯ ಚೀಲವನ್ನು ಹಿಂದೆ ಕಟ್ಟುತ್ತಾರೆ. ದೋಣಿಯ ಪಕ್ಕದ ಉದ್ದಕ್ಕೂ ಎರಡು ರಾಟೆಗಳ ನಡುವೆ ಓಡುವ ಹಗ್ಗದ ಬಳೆಯನ್ನು ಅಳವಡಿಸಿದರೆ, ಕುಳಿತಲ್ಲಿಂದಲೇ ಲಂಗರಿನ ಹಗ್ಗವನ್ನು ಮುಂತುದಿಗೆ ಅಥವಾ ಹಿಂತುದಿಗೆ ಸರಿಸಬಹುದು. ಇದು ಕೇವಲ ಅನುಕೂಲದ ಮಾತಲ್ಲ. ಹರಿಯುವ ನೀರಿನಲ್ಲಿ ಲಂಗರನ್ನು ದೋಣಿಯ ಮಗ್ಗುಲಿಗೆ ಕಟ್ಟಿದರೆ ಪ್ರವಾಹ ದೋಣಿಯನ್ನು ಅಡ್ಡಲಾಗಿ ಒತ್ತಿ ಮಗುಚಿಬಿಡುತ್ತದೆ. ಬಿಗಿಯಾದ ಹಗ್ಗವನ್ನು ಕ್ಷಣದಲ್ಲಿ ಬಿಡಿಸುವ ಕೊಂಡಿ ಅಥವಾ ಕೈಗೆಟಕುವ ಚಾಕು ಇರಲೇಬೇಕು.

ಕೋಲು, ದಾರ ಮತ್ತು ಕೃತಕ ಎರೆ

ಕಯಾಕ್ ಸವಾರ ಮೂರು ಅಥವಾ ನಾಲ್ಕು ಗಾಳದ ಕೋಲುಗಳಿಗಿಂತ ಹೆಚ್ಚು ಒಯ್ಯುವುದು ವಿವೇಕವಲ್ಲ. ಆರೂವರೆಯಿಂದ ಏಳೂಕಾಲು ಅಡಿ ಉದ್ದದ ಕೋಲು ಸಾಮಾನ್ಯ. ಹಿಡಿದ ಮೀನು ದೋಣಿಯ ಕೆಳಗೆ ನುಗ್ಗಿದಾಗ ದಾರವನ್ನು ಮುಂತುದಿಯ ಸುತ್ತ ಹಾಯಿಸಿ ಆಚೆ ಬದಿಗೆ ತರಲು ಉದ್ದದ ಕೋಲು ಬೇಕು. ಹಿಡಿಯ ಭಾಗ ಮಾತ್ರ ಗಿಡ್ಡವಾಗಿದ್ದರೆ ಒಳ್ಳೆಯದು. ಉದ್ದನೆಯ ಹಿಡಿ ಕುಳಿತವನ ಲೈಫ್ ಜಾಕೆಟ್‌ಗೆ ತಾಕುತ್ತದೆ.

ದಾರಗಳಲ್ಲಿ ಮೂರು ಬಗೆ. ಹೆಣೆದ ದಾರ ಹಿಗ್ಗುವುದಿಲ್ಲ, ತೇಲುತ್ತದೆ. ಆದುದರಿಂದ ದಟ್ಟ ಕಳೆಗೆ ಹಾಗೂ ನೀರಿನ ಮೇಲೆ ಆಡುವ ಎರೆಗೆ ಯೋಗ್ಯ. ಫ್ಲೋರೋಕಾರ್ಬನ್ ದಾರ ಮುಳುಗುತ್ತದೆ, ತಿಳಿನೀರಿನಲ್ಲಿ ಕಣ್ಣಿಗೆ ಬೀಳುವುದು ಕಡಿಮೆ. ನೈಲಾನ್ ದಾರ ಅಗ್ಗ, ಹಿಗ್ಗುವ ಗುಣದಿಂದ ಮೀನಿನ ಎಳೆತವನ್ನು ತಾಳಿಕೊಳ್ಳುತ್ತದೆ.

ಕೃತಕ ಎರೆಗಳಲ್ಲಿ ಪ್ಲಾಸ್ಟಿಕ್ ಹುಳುವಿನ ಕಥೆ ಸಣ್ಣ ಉದ್ಯಮಿಗಳಿಗೆ ಉತ್ತೇಜನಕಾರಿ. 1949ರಲ್ಲಿ ಒಹಾಯೋ ರಾಜ್ಯದ ಆಕ್ರನ್ ನಗರದಲ್ಲಿ ನಿಕ್ ಕ್ರೀಮ್ ಮತ್ತು ಅವರ ಪತ್ನಿ ಮನೆಯ ಅಡುಗೆಮನೆಯಲ್ಲಿಯೇ ಮೃದು ವಿನೈಲ್ ಕಾಯಿಸಿ ಎರೆಹುಳುವಿನ ಅಚ್ಚಿಗೆ ಹೊಯ್ದರು. ಅಂದು ಆರಂಭವಾದ ಮೃದು ಪ್ಲಾಸ್ಟಿಕ್ ಎರೆ ಇಂದು ಬಾಸ್ ಮೀನುಗಾರನ ಪೆಟ್ಟಿಗೆಯ ಮುಖ್ಯ ಸರಕು. ಗುಂಡಿನಾಕಾರದ ಭಾರವನ್ನು ದಾರದಲ್ಲಿ ಪೋಣಿಸಿ, ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಹುದುಗಿಸುವ ಟೆಕ್ಸಾಸ್ ಜೋಡಣೆ ಕಳೆಗೆ ಸಿಕ್ಕಿಕೊಳ್ಳದೆ ನುಸುಳುತ್ತದೆ. ಮೀನು ಕಚ್ಚಿದಾಗ ಮಾತ್ರ ಮೊನೆ ಹೊರಬರುತ್ತದೆ. ಕಯಾಕ್‌ನಲ್ಲಿ ಇದಕ್ಕೆ ಹೆಚ್ಚಿನ ಮಹತ್ವ. ಸಿಕ್ಕಿಕೊಂಡ ಕೊಕ್ಕೆಯನ್ನು ಎಳೆಯಹೋದರೆ ಕೊಕ್ಕೆ ಬಿಡುವ ಬದಲು ದೋಣಿಯೇ ಅದರತ್ತ ಸಾಗುತ್ತದೆ.

ನೀರಿನ ಮೇಲಿನ ವಿಧಾನ

ಅನುಭವಿಗಳು ಮೊದಲು ಗಾಳಿಗೆದುರಾಗಿ ಸಾಗಿ, ಆಯಾಸವಿಲ್ಲದಿರುವಾಗಲೇ ಕಷ್ಟದ ದಾರಿ ಮುಗಿಸುತ್ತಾರೆ; ಮರಳುವಾಗ ಗಾಳಿಯೇ ದಡಕ್ಕೆ ತಲುಪಿಸುತ್ತದೆ. ಮೀನಿರುವ ಮರೆಯನ್ನು ಸಮೀಪಿಸುವಾಗ ದೋಣಿಯ ಮುಂತುದಿಯನ್ನು ಗುರಿಗೆ ನೇರವಾಗಿಟ್ಟು, ಬೀಸುವ ದಿಕ್ಕು ಮುಂದಕ್ಕೇ ಇರುವಂತೆ ನೋಡಿಕೊಳ್ಳುತ್ತಾರೆ. ಮಗ್ಗುಲಿಗೆ ಬಲವಾಗಿ ಬೀಸಿದರೆ ದೋಣಿ ಓಲಾಡಿ ಎದ್ದ ಅಲೆ ಮೀನನ್ನು ಎಚ್ಚರಿಸುತ್ತದೆ. ಪ್ಲಾಸ್ಟಿಕ್ ಒಡಲಿಗೆ ಹುಟ್ಟು ತಾಕಿದ ಸದ್ದೂ ನೀರಿನಲ್ಲಿ ದೂರ ಕೇಳುತ್ತದೆ. ಅದಕ್ಕಾಗಿಯೇ ಒಳನೆಲಕ್ಕೆ ಮೃದು ಹಾಸು ಅಂಟಿಸುವ ರೂಢಿ.

ಋತುವಿಗೆ ತಕ್ಕಂತೆ ಮೀನಿನ ನೆಲೆ ಬದಲಾಗುತ್ತದೆ. ವಸಂತದಲ್ಲಿ ನೀರಿನ ಉಷ್ಣತೆ 13ರಿಂದ 18 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತಿದ್ದಂತೆ ಬಾಸ್ ಮೊಟ್ಟೆಯಿಡಲು ದಡದ ಕಡೆಗೆ ಬರುತ್ತದೆ. ಕಯಾಕ್ ಸವಾರನಿಗೆ ಇದೇ ಸುಗ್ಗಿ. ಬೇಸಿಗೆಯಲ್ಲಿ ಬೆಳಗಿನ ಹಾಗೂ ಸಂಜೆಯ ತಂಪಿನಲ್ಲಿ ನೀರಿನ ಮೇಲೆ ಆಡುವ ಎರೆ, ಹಗಲಿನಲ್ಲಿ ನೆರಳು ಮತ್ತು ಆಳದ ಕಡೆಗೆ ಹುಳು ಅಥವಾ ಜಿಗ್ ಫಲ ಕೊಡುತ್ತದೆ.

ಮೀನು ಕಚ್ಚಿದಾಗ ಕೋಲನ್ನು ತಲೆಯ ಮೇಲಕ್ಕೆ ಜಗ್ಗುವುದಕ್ಕಿಂತ ಪಕ್ಕಕ್ಕೆ ಹಾಗೂ ತಗ್ಗಿನಲ್ಲಿ ಎಳೆಯುವುದು ಲೇಸು. ಕುಳಿತವನ ತಲೆ ದೋಣಿಯ ನಡುರೇಖೆಯಿಂದ ಆಚೆ ವಾಲಬಾರದು. ತಲೆ ಹೋದತ್ತ ದೇಹ, ದೇಹ ಹೋದತ್ತ ದೋಣಿ. ಮೀನನ್ನು ಬಗ್ಗಿ ಹಿಡಿಯುವ ಬದಲು ಗಿಡ್ಡ ಹಿಡಿಯ ಬಲೆಯನ್ನು ಮುಂದಕ್ಕೆ ಚಾಚಿ ಮೀನನ್ನೇ ಅದರೊಳಗೆ ತರಬೇಕು.

ಸೋನಾರ್ ಮತ್ತು ಬ್ಯಾಟರಿ

ನೀರಿನ ಆಳ, ತಳದ ಸ್ವರೂಪ ಹಾಗೂ ಮೀನಿನ ಇರವನ್ನು ತೋರಿಸುವ ಸೋನಾರ್ ಉಪಕರಣ ಈಗ ಸಾಮಾನ್ಯವಾಗಿದೆ. ಬ್ಯಾಟರಿಯ ಲೆಕ್ಕ ಸುಲಭ. 12 ವೋಲ್ಟಿನ ಉಪಕರಣ 0.8 ಆಂಪಿಯರ್ ವಿದ್ಯುತ್ ಬಳಸಿದರೆ 8 ಗಂಟೆಗೆ 6.4 ಆಂಪಿಯರ್ ಗಂಟೆ ಬೇಕು. ಸೀಸ-ಆಮ್ಲ ಬ್ಯಾಟರಿ ದೀರ್ಘಕಾಲ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಬರಿದಾಗಬಾರದು. ಆದುದರಿಂದ 13 ಆಂಪಿಯರ್ ಗಂಟೆಯದು ಬೇಕಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ 10 ಆಂಪಿಯರ್ ಗಂಟೆಯದು ಸಾಕು, ತೂಕವೂ ಬಹಳಷ್ಟು ಕಡಿಮೆ. ಬೆಲೆ ಹೆಚ್ಚಾದರೂ ಕಯಾಕ್ ಸವಾರ ಎರಡನೆಯದನ್ನೇ ಆರಿಸುವುದು ಇದಕ್ಕಾಗಿ. ನೀರು ನುಗ್ಗದ ಪೆಟ್ಟಿಗೆ, ಸರಿಯಾದ ಫ್ಯೂಸ್, ತುಕ್ಕು ಹಿಡಿಯದ ಜೋಡಣೆಗಳು ಇದರೊಂದಿಗೆ ಮಾರಾಟವಾಗುವ ಸರಕುಗಳು.

ಸುರಕ್ಷತೆ: ರಾಜಿಯಿಲ್ಲದ ವಿಷಯ

ಅಮೆರಿಕಾದ ಕರಾವಳಿ ರಕ್ಷಣಾ ಪಡೆಯ ವಾರ್ಷಿಕ ವರದಿಗಳ ಪ್ರಕಾರ 2019ರಿಂದ 2023ರವರೆಗೆ ಪ್ರತಿವರ್ಷವೂ ದೋಣಿ ಅಪಘಾತದಲ್ಲಿ ಮುಳುಗಿ ಸತ್ತವರಲ್ಲಿ ಶೇಕಡಾ 80ಕ್ಕೂ ಹೆಚ್ಚು ಜನರು ಲೈಫ್ ಜಾಕೆಟ್ ಧರಿಸಿರಲಿಲ್ಲ. ಕಯಾಕ್ ಸಹ ಕಾನೂನಿನ ದೃಷ್ಟಿಯಲ್ಲಿ ದೋಣಿಯೇ. ಪ್ರತಿಯೊಬ್ಬರಿಗೂ ಒಂದು ಅಂಗೀಕೃತ ಲೈಫ್ ಜಾಕೆಟ್ ದೋಣಿಯಲ್ಲಿರಲೇಬೇಕು. ಜಾಕೆಟ್ ಕಟ್ಟಿಟ್ಟರೆ ಪ್ರಯೋಜನವಿಲ್ಲ. ನೀರಿಗೆ ಬಿದ್ದ ಮೇಲೆ ಅದನ್ನು ತೊಡುವುದು ಅಸಾಧ್ಯಕ್ಕೆ ಸಮೀಪ. ಕಯಾಕ್ ಆಸನದ ಎತ್ತರದ ಬೆನ್ನೊರಗಿಗೆ ತಾಕದಂತೆ ಹಿಂಬದಿಯ ಮೆತ್ತೆಯನ್ನು ಮೇಲ್ಭಾಗಕ್ಕೆ ಸೀಮಿತಗೊಳಿಸಿದ ಜಾಕೆಟ್‌ಗಳು ಬಂದಿರುವುದು, ಜನರು ಅದನ್ನು ಕಳಚದೆ ಇರಲಿ ಎಂಬ ಉದ್ದೇಶದಿಂದಲೇ.

ವಸಂತದಲ್ಲಿ ಬಿಸಿಲು ಹಿತವಾಗಿದ್ದರೂ ನೀರು ಕೊರೆಯುತ್ತಿರುತ್ತದೆ. 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಹಠಾತ್ತನೆ ಬಿದ್ದಾಗ ಉಸಿರು ತಡೆಯಲಾಗದೆ ಏದುಸಿರು ಬರುತ್ತದೆ. ಕೆಲವೇ ನಿಮಿಷಗಳಲ್ಲಿ ಕೈಬೆರಳುಗಳು ಸೋಲುತ್ತವೆ. ಆದುದರಿಂದ ಉಡುಪನ್ನು ಗಾಳಿಗಲ್ಲ, ನೀರಿನ ಉಷ್ಣತೆಗೆ ತಕ್ಕಂತೆ ಧರಿಸಬೇಕು. ದೋಣಿ ಮಗುಚಿದರೆ ಅದನ್ನು ಬಿಡದೆ ಹಿಡಿದು, ನೇರ ಮಾಡಿ, ಕಾಲು ಬಡಿಯುತ್ತಾ ಹೊಟ್ಟೆಯ ಮೇಲೆ ಅಡ್ಡಲಾಗಿ ಹತ್ತಿ, ಬಳಿಕ ತಿರುಗಿ ಕುಳಿತುಕೊಳ್ಳಬೇಕು. ದಡದ ಬಳಿ, ಬೆಚ್ಚನೆಯ ನೀರಿನಲ್ಲಿ ಇದನ್ನು ಮೊದಲೇ ಅಭ್ಯಾಸ ಮಾಡಿರಬೇಕು. ಸೀಟಿ, ಕತ್ತಲಲ್ಲಿ ಬಿಳಿ ದೀಪ, ಎದ್ದುಕಾಣುವ ಬಣ್ಣದ ಬಾವುಟ ಮತ್ತು ನೀರು ನಿರೋಧಕ ಚೀಲದಲ್ಲಿ ಮೊಬೈಲ್ ಇವು ಕನಿಷ್ಠ ಸಾಮಗ್ರಿಗಳು.

ಸ್ಪರ್ಧೆ ಮತ್ತು ಅಳತೆಯ ನಿಖರತೆ

ಕಯಾಕ್ ಸ್ಪರ್ಧೆಗಳಲ್ಲಿ ಮೀನನ್ನು ತೂಗುವುದಿಲ್ಲ. ಅಳತೆಹಲಗೆಯ ಮೇಲಿಟ್ಟು, ಅಂದಿನ ಗುರುತುಸಂಖ್ಯೆಯೊಡನೆ ಛಾಯಾಚಿತ್ರ ತೆಗೆದು ಕಳುಹಿಸಿ, ಕೂಡಲೇ ನೀರಿಗೆ ಬಿಡುತ್ತಾರೆ. ಅತಿ ಉದ್ದದ ಐದು ಮೀನುಗಳ ಒಟ್ಟು ಅಳತೆ ಸಾಮಾನ್ಯವಾಗಿ ವಿಜೇತರನ್ನು ನಿರ್ಧರಿಸುತ್ತದೆ. 2020ರಲ್ಲಿ ರೇ ಸ್ಕಾಟ್ ಸ್ಥಾಪಿಸಿದ ಸಂಸ್ಥೆಯೂ ಕಯಾಕ್ ಸರಣಿ ಆರಂಭಿಸಿತು. ಕಾಲು ಅಂಗುಲದಲ್ಲಿ ಬಹುಮಾನ ಕೈತಪ್ಪುವ ಈ ಆಟದಲ್ಲಿ ಹಲಗೆಯ ವಸ್ತುವೇ ಪ್ರಶ್ನೆಯಾಗುತ್ತದೆ. 24 ಅಂಗುಲದ ಪಾಲಿಎಥಿಲೀನ್ ಹಲಗೆ 30 ಡಿಗ್ರಿ ಉಷ್ಣತೆ ಏರಿದಾಗ ಸುಮಾರು ಹತ್ತನೆಯ ಒಂದು ಅಂಗುಲ ಹಿಗ್ಗಬಲ್ಲದು. ಅಲ್ಯೂಮಿನಿಯಂ ಹಿಗ್ಗುವುದು ಅದರ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇಂತಹ ಸೂಕ್ಷ್ಮಗಳನ್ನು ಅರಿತ ತಯಾರಕನಿಗೇ ಮಾರುಕಟ್ಟೆ ಒಲಿಯುತ್ತದೆ.

ಸಣ್ಣ ತಯಾರಕರಿಗೆ ಸಂಬಂಧಿಸಿದ ಅಂಶಗಳು

ಕೋಲು ನಿಲ್ಲಿಸುವ ಕೊಳವೆ, ಸೋನಾರ್ ಹಿಡಿಕೆ, ಕ್ಯಾಮೆರಾ ಕಂಬಗಳನ್ನು ದೋಣಿಗೆ ಬಿಗಿಯಲು ಅಲ್ಯೂಮಿನಿಯಂ ಹಳಿಯೊಂದನ್ನು ಜೋಡಿಸಿ, ಅದರ ಗಾಡಿಯಲ್ಲಿ ಬೇಕಾದೆಡೆ ಸರಿಸುವ ವ್ಯವಸ್ಥೆ ಪ್ರಚಲಿತವಾಗಿದೆ. ಇದನ್ನು ಜನಪ್ರಿಯಗೊಳಿಸಿದವುಗಳಲ್ಲಿ ಒಂದಾದ ವರ್ಜೀನಿಯಾದ ಯಾಕ್‌ಅಟ್ಯಾಕ್ ಸಂಸ್ಥೆ 2009ರಲ್ಲಿ ಸಣ್ಣ ಪ್ರಮಾಣದಲ್ಲಿ ಆರಂಭಗೊಂಡದ್ದು. ಪೀಣ್ಯ ಮೊದಲಾದ ಕೈಗಾರಿಕಾ ಪ್ರದೇಶಗಳ ಯಂತ್ರಾಗಾರಗಳಿಗೆ ಇಂತಹ ಕೆಲಸ ಹೊಸತಲ್ಲ. ಆದರೆ ಅಲ್ಲಿನ ಮಾರುಕಟ್ಟೆ ಪ್ರವೇಶಿಸಬಯಸುವವರು ಕೆಳಗಿನ ಅಂಶಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ಸುಂಕದ ವರ್ಗೀಕರಣ. ಗಾಳದ ಕೋಲು, ಕೊಕ್ಕೆ, ರೀಲ್ ಹಾಗೂ ಎರೆಗಳು ಅಂತರರಾಷ್ಟ್ರೀಯ ಸರಕು ಸಂಕೇತದ 9507ನೆಯ ಶೀರ್ಷಿಕೆಗೂ, ಕಯಾಕ್ 8903ಕ್ಕೂ, ಲೈಫ್ ಜಾಕೆಟ್ 6307.20ಕ್ಕೂ ಸೇರುತ್ತವೆ. ಸುಂಕದ ದರಗಳು ಬದಲಾಗುವುದರಿಂದ ಒಪ್ಪಂದಕ್ಕೆ ಮುನ್ನ ಅಂದಿನ ದರವನ್ನು ಪರಿಶೀಲಿಸಬೇಕು.

ಎರಡನೆಯದಾಗಿ, ಅಬಕಾರಿ ತೆರಿಗೆ. 1950ರ ಡಿಂಗೆಲ್-ಜಾನ್ಸನ್ ಕಾಯಿದೆಯ ಮೇರೆಗೆ ಮೀನುಗಾರಿಕೆ ಕ್ರೀಡಾ ಸಲಕರಣೆಗಳಿಗೆ ಶೇಕಡಾ 10 ತೆರಿಗೆಯಿದೆ; ಕೋಲಿಗೆ ಇದರ ಮಿತಿ 10 ಡಾಲರ್, ಎರೆಯ ಪೆಟ್ಟಿಗೆಗೆ ದರ ಶೇಕಡಾ 3. ಈ ತೆರಿಗೆಯನ್ನು ಕಟ್ಟಬೇಕಾದವರು ತಯಾರಕರು ಅಥವಾ ಆಮದುದಾರರು. ಹೀಗೆ ಸಂಗ್ರಹವಾದ ಹಣ ಮೀನು ಸಂರಕ್ಷಣೆಗಾಗಿ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಬೆಲೆ ನಿಗದಿ ಮಾಡುವಾಗ ಇದನ್ನು ಮರೆತರೆ ಲಾಭವೇ ಕರಗೀತು.

ಮೂರನೆಯದಾಗಿ, ಸೀಸದ ನಿರ್ಬಂಧ. ಲೂನ್ ಎಂಬ ನೀರುಹಕ್ಕಿಗಳು ಸೀಸದ ಚಿಕ್ಕ ಗುಂಡುಗಳನ್ನು ನುಂಗಿ ಸಾಯುತ್ತಿದ್ದುದರಿಂದ ನ್ಯೂ ಹ್ಯಾಂಪ್‌ಶೈರ್, ಮೇನ್, ವರ್ಮಾಂಟ್, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ರಾಜ್ಯಗಳು ಇವುಗಳ ಮಾರಾಟ ಅಥವಾ ಬಳಕೆಯನ್ನು ನಿರ್ಬಂಧಿಸಿವೆ. ಪರ್ಯಾಯವಾದ ಟಂಗ್‌ಸ್ಟನ್ ದುಬಾರಿ. ಆದರೆ ಅದರ ಸಾಂದ್ರತೆ 19.3, ಸೀಸದ್ದು 11.3, ಆದುದರಿಂದ ಅಷ್ಟೇ ತೂಕದ ಗುಂಡು ಐದನೆಯ ಮೂರು ಪಾಲಿನಷ್ಟು ಗಾತ್ರದಲ್ಲಿ ಸಿಗುತ್ತದೆ, ಕಳೆಯಲ್ಲಿ ಸುಲಭವಾಗಿ ಇಳಿಯುತ್ತದೆ. ನಿರ್ಬಂಧವಿಲ್ಲದ ರಾಜ್ಯಗಳಲ್ಲಿಯೂ ಜನರು ಅದನ್ನು ಕೊಳ್ಳುವುದಕ್ಕೆ ಇದೇ ಕಾರಣ.

ನಾಲ್ಕನೆಯದಾಗಿ, ಹೊಣೆಗಾರಿಕೆ. ಕರಾವಳಿ ರಕ್ಷಣಾ ಪಡೆಯ ಅಂಗೀಕಾರವಿಲ್ಲದ ಜಾಕೆಟ್ ನೋಡಲು ಎಷ್ಟೇ ಅಂದವಾಗಿದ್ದರೂ ಕಾನೂನಿನ ಲೆಕ್ಕಕ್ಕೆ ಬಾರದು. ಮುರಿದ ಕೊಂಡಿ ಅಥವಾ ಸೀಳಿದ ಒಡಲಿನಿಂದ ಹಾನಿಯಾದರೆ ಪರಿಹಾರದ ಮೊಕದ್ದಮೆ ತಯಾರಕನವರೆಗೂ ಬರಬಹುದು. ಪರೀಕ್ಷಾ ದಾಖಲೆ, ತಂಡಸಂಖ್ಯೆ, ಉತ್ಪನ್ನ ಹೊಣೆಗಾರಿಕೆಯ ವಿಮೆ ಇವಿಲ್ಲದೆ ಸರಕು ರವಾನಿಸುವುದು ಅಪಾಯಕರ.

ಕರ್ನಾಟಕದಲ್ಲಿಯೂ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹಿನ್ನೀರಿನಲ್ಲಿ ಕಯಾಕ್ ವಿಹಾರ ಪ್ರವಾಸಿಗರನ್ನು ಸೆಳೆಯುತ್ತಿದೆ. ಬಾಸ್ ಮೀನು ಇಲ್ಲಿನದಲ್ಲ, ಅದನ್ನು ತಂದು ಬಿಡುವುದು ಸ್ಥಳೀಯ ಮೀನುಗಳಿಗೆ ಕಂಟಕ. ಜಪಾನ್ ಅದನ್ನು ಹಾನಿಕರ ಪರಕೀಯ ಜಾತಿಯೆಂದು ನಿರ್ಬಂಧಿಸಿದೆ. ಆದರೆ ದೋಣಿ, ಹುಟ್ಟು, ಜಾಕೆಟ್ ಹಾಗೂ ಬಿಡಿಭಾಗಗಳ ಬೇಡಿಕೆಗೆ ಮೀನಿನ ಹಂಗಿಲ್ಲ. ಉದ್ಯಮಿಗಳು ಮೊದಲು ಒಂದೇ ವಸ್ತುವನ್ನು ಆರಿಸಿಕೊಂಡು, ಹತ್ತಾರು ಮಾದರಿಗಳನ್ನು ನಿಜವಾದ ನೀರಿನಲ್ಲಿ, ನಿಜವಾದ ಬಳಕೆದಾರರಿಂದ ಪರೀಕ್ಷಿಸಿ, ಬಳಿಕವಷ್ಟೇ ಅಚ್ಚಿಗೆ ಬಂಡವಾಳ ಹೂಡುವುದು ಸೂಕ್ತ. ದಡದಿಂದ ದೂರದಲ್ಲಿ ಒಬ್ಬಂಟಿಯಾಗಿರುವ ವ್ಯಕ್ತಿ ಆ ಕೊಂಡಿಯನ್ನೋ ಹೊಲಿಗೆಯನ್ನೋ ನೆಚ್ಚಿಕೊಂಡಿರುತ್ತಾನೆ ಎಂಬ ಅರಿವು ತಯಾರಿಕೆಯ ಪ್ರತಿ ಹಂತದಲ್ಲಿಯೂ ಇರಬೇಕಾದುದು ಅವಶ್ಯ.